ಇಎಲ್‌ಡಿ ವಿಮರ್ಶೆ: ಗಂಟೆ ಎಣಿಸಲು ಎಲ್ಲದಕ್ಕೂ ಬರುತ್ತದೆ, ವಿನಾಯಿತಿ ಹಾಕಲು ಯಾವುದಕ್ಕೆ ಬರುತ್ತದೆ?

ಅಮೆರಿಕದಲ್ಲಿ ರಾಜ್ಯದ ಗಡಿ ದಾಟಿ ಸರಕು ಸಾಗಿಸುವ ಬಹುಪಾಲು ಟ್ರಕ್ಕುಗಳಲ್ಲಿ 2017ರ ಡಿಸೆಂಬರ್ 18ರಿಂದ ಇಎಲ್‌ಡಿ (ಎಲೆಕ್ಟ್ರಾನಿಕ್ ಲಾಗಿಂಗ್ ಡಿವೈಸ್) ಇರಲೇಬೇಕು. ಗಾಡಿ ಯಾವಾಗ ಓಡಿತು, ಎಲ್ಲಿ ನಿಂತಿತು ಎಂಬುದನ್ನು ಎಂಜಿನ್ ಕಂಪ್ಯೂಟರಿನಿಂದಲೇ ಓದಿ ಡ್ರೈವರ್‌ನ ಲಾಗ್, ಅಂದರೆ ಕೆಲಸದ ಗಂಟೆಗಳ ದಾಖಲೆ, ಬರೆಯುವ ಯಂತ್ರ ಇದು. ಇಎಲ್‌ಡಿಗೆ ಮುಂಚಿನ ಎಒಬಿಆರ್‌ಡಿ ಎಂಬ ಹಳೆಯ ದಾಖಲೆ ಪೆಟ್ಟಿಗೆಗಳಿಗೆ ಕೊಟ್ಟಿದ್ದ ರಿಯಾಯಿತಿ 2019ರ ಡಿಸೆಂಬರ್ 16ಕ್ಕೆ ಮುಗಿದಿದೆ. ಟ್ರಕ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಂಸಿಎಸ್‌ಎಯ ನೋಂದಣಿ ಪಟ್ಟಿಯಲ್ಲಿ ನೂರಾರು ಮಾದರಿಗಳ ಹೆಸರಿದೆ. ಒಂದು ಅಥವಾ ಎರಡು ಟ್ರಕ್ ಇಟ್ಟುಕೊಂಡವರು ಆ ಪಟ್ಟಿ ನೋಡಿ ತಲೆ ಕೆಡಿಸಿಕೊಂಡು, ಕೊನೆಗೆ ಫೋನಿನಲ್ಲಿ ಚೆನ್ನಾಗಿ ಮಾತಾಡಿದವನ ಬಳಿಯೇ ಕೊಳ್ಳುತ್ತಾರೆ.

ಈ ವಿಮರ್ಶೆ ಯಾವುದೋ ಒಂದು ಕಂಪನಿಯದ್ದಲ್ಲ. ಮಾರುಕಟ್ಟೆಯಲ್ಲಿರುವ ಎರಡು ಬಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು. ಮೊದಲನೆಯದು, ಡಯಾಗ್ನೋಸ್ಟಿಕ್ ಪೋರ್ಟಿಗೆ ಚುಚ್ಚುವ ಪುಟ್ಟ ಪ್ಲಗ್ಗು, ಬ್ಲೂಟೂತ್‌ನಲ್ಲಿ ಅದಕ್ಕೆ ಜೋಡಿಯಾಗುವ ಡ್ರೈವರ್‌ನದೇ ಫೋನು. ಎರಡನೆಯದು, ತನ್ನದೇ ಸಿಮ್ ಇರುವ ಪೆಟ್ಟಿಗೆ, ಡ್ಯಾಶ್‌ಬೋರ್ಡಿಗೆ ಕೂರಿಸಿದ ಟ್ಯಾಬ್ಲೆಟ್. ಪಟ್ಟಿಯಲ್ಲಿ ಹೆಸರಿದೆ ಎಂಬುದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಈ ನಿಯಮ ಬಂದಾಗಿನ ಪದ್ಧತಿಯಲ್ಲಿ ತಯಾರಕರೇ ತಮ್ಮ ಸಾಧನ ನಿಯಮಕ್ಕೆ ಒಪ್ಪುತ್ತದೆ ಎಂದು ಬರೆದುಕೊಟ್ಟು ಹೆಸರು ಸೇರಿಸಿಕೊಂಡಿದ್ದಾರೆ. ಅದರ ಪಕ್ಕದಲ್ಲೇ ರದ್ದಾದ ಸಾಧನಗಳ ಪಟ್ಟಿಯೂ ಇದೆ, ಅದನ್ನು ಮೊದಲು ಓದಿ. ರದ್ದಾದ ಸಾಧನ ನಿಮ್ಮ ಗಾಡಿಯಲ್ಲಿದ್ದರೆ ಬದಲಿಸಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ, ಅಷ್ಟರೊಳಗೆ ಹೊಸದಕ್ಕೆ ಮತ್ತೆ ದುಡ್ಡು ಹೊಂದಿಸಬೇಕು.

ಡ್ರೈವರ್‌ನ ಗಂಟೆಗಳಿಗೆ ನಿಯಮ ಹಾಕಿರುವ ಮಿತಿಗಳ ಮೂಲ ಲೆಕ್ಕದಲ್ಲಿ ಈ ಸಾಧನಗಳ ನಡುವೆ ವ್ಯತ್ಯಾಸವೇ ಇಲ್ಲ ಎನ್ನಬಹುದು. ಸತತ 10 ಗಂಟೆ ಬಿಡುವಾದ ಮೇಲೆ 11 ಗಂಟೆ ಚಾಲನೆ, ಕೆಲಸಕ್ಕೆ ಇಳಿದ ಕ್ಷಣದಿಂದ 14 ಗಂಟೆಯ ಕಿಟಕಿ (ಚಾಲನೆಯೆಲ್ಲ ಅದರೊಳಗೇ ಮುಗಿಯಬೇಕು), ಒಟ್ಟು 8 ಗಂಟೆ ಓಡಿಸಿದ ಮೇಲೆ 30 ನಿಮಿಷ ಚಾಲನೆಯಿಲ್ಲದ ವಿರಾಮ, 7 ದಿನಕ್ಕೆ 60 ಅಥವಾ 8 ದಿನಕ್ಕೆ 70 ಗಂಟೆ ಕೆಲಸ, ಸತತ 34 ಗಂಟೆ ಬಿಡುವಾದರೆ ಆ ವಾರದ ಲೆಕ್ಕ ಮತ್ತೆ ಸೊನ್ನೆಯಿಂದ. ಇಷ್ಟನ್ನು ಅಗ್ಗದ ಆ್ಯಪ್ ಕೂಡ ಸರಿಯಾಗಿಯೇ ಎಣಿಸುತ್ತದೆ. 2020ರ ಸೆಪ್ಟೆಂಬರ್ 29ರ ತಿದ್ದುಪಡಿಯಿಂದ ಆ 30 ನಿಮಿಷ ಆಫ್ ಡ್ಯೂಟಿಯೇ ಆಗಬೇಕಿಲ್ಲ. ಡೀಸೆಲ್ ಹಾಕಿಸುತ್ತಾ ಆನ್ ಡ್ಯೂಟಿಯಲ್ಲಿ ನಿಂತರೂ ಸಲ್ಲುತ್ತದೆ. ಡೆಮೊದಲ್ಲಿ ಇದನ್ನು ತೋರಿಸಿ ಮೆಚ್ಚಿಸಲು ನೋಡುವ ಮಾರಾಟಗಾರ ನಿಮ್ಮ ಸಮಯ ಹಾಳು ಮಾಡುತ್ತಿದ್ದಾನೆ.

ಸಾಧನಗಳು ಬೇರೆಯಾಗುವುದು ವಿನಾಯಿತಿಗಳ ಹತ್ತಿರ. ನಿಯಮಪುಸ್ತಕ ಡ್ರೈವರ್‌ಗೆ ಸಾಕಷ್ಟು ಸಡಿಲಿಕೆ ಕೊಟ್ಟಿದೆ, ಆದರೆ ಬಹುತೇಕ ಯಾವುದನ್ನೂ ಯಂತ್ರ ತಾನಾಗಿ ಹಾಕುವುದಿಲ್ಲ. ಬಟನ್ ಎಲ್ಲಿದೆ, ಒತ್ತುವ ಮೊದಲೇ ಎಷ್ಟು ಸಮಯ ಉಳಿಯುತ್ತದೆಂದು ತೋರಿಸುತ್ತದೆಯೇ, ಒತ್ತಿದ ಮೇಲೆ ಕಾರಣ ಬರೆಯಲು ಕೇಳುತ್ತದೆಯೇ, ತಪಾಸಣೆಗೆ ಕಳಿಸುವ ಕಡತದಲ್ಲಿ ಆ ಟಿಪ್ಪಣಿ ಹೋಗುತ್ತದೆಯೇ. ನಾವು ಅಂಕ ಕೊಟ್ಟದ್ದು ಇವಕ್ಕೆ ಮಾತ್ರ.

ಮೊದಲಿಗೆ ಸ್ಲೀಪರ್ (ಕ್ಯಾಬಿನ್‌ನಲ್ಲಿ ಮಲಗುವ ಜಾಗ) ವಿಭಜನೆ. ಹೆಚ್ಚು ಆ್ಯಪ್‌ಗಳು ಎಡವುವುದು ಇಲ್ಲೇ. ನಿಯಮ ಹೀಗಿದೆ: 10 ಗಂಟೆಯ ಬಿಡುವನ್ನು ಎರಡು ತುಂಡು ಮಾಡಬಹುದು. ಒಂದು ತುಂಡು ಕನಿಷ್ಠ 7 ಗಂಟೆ, ಸತತವಾಗಿ, ಸ್ಲೀಪರ್ ಬರ್ತ್‌ನಲ್ಲೇ. ಇನ್ನೊಂದು ಕನಿಷ್ಠ 2 ಗಂಟೆ, ಆಫ್ ಡ್ಯೂಟಿ ಅಥವಾ ಸ್ಲೀಪರ್. ಎರಡೂ ಸೇರಿ 10ಕ್ಕೆ ಕಡಿಮೆ ಆಗಬಾರದು. ಜೋಡಿ ಕೂಡಿದರೆ ಎರಡೂ ತುಂಡುಗಳು 14 ಗಂಟೆಯ ಕಿಟಕಿಯಿಂದ ಹೊರಗೆ.

ಕೊಳ್ಳುವ ಮೊದಲು ಡೆಮೊ ಖಾತೆ ಕೇಳಿ, ಈ ದಿನವನ್ನು ಅದಕ್ಕೆ ತುಂಬಿಸಿ ನೋಡಿ. ಪೂರ್ತಿ 10 ಗಂಟೆ ಬಿಡುವಿನ ನಂತರ ಬೆಳಗ್ಗೆ 6ಕ್ಕೆ ಆನ್ ಡ್ಯೂಟಿ, ಅರ್ಧ ಗಂಟೆ ಗಾಡಿ ತಪಾಸಣೆ. 6.30ರಿಂದ 11.30ರವರೆಗೆ ಚಾಲನೆ, 5 ಗಂಟೆ. ಲೋಡಿಂಗ್ ಡಾಕ್‌ನಲ್ಲಿ 11.30ರಿಂದ 14.30ರವರೆಗೆ ಸ್ಲೀಪರ್‌ನಲ್ಲಿ ಕಾಯುವಿಕೆ, 3 ಗಂಟೆ. 14.30ರಿಂದ 20.30ರವರೆಗೆ ಮತ್ತೆ 6 ಗಂಟೆ ಚಾಲನೆ. ಅಲ್ಲಿಗೆ 11 ಮುಗಿಯಿತು. ವಿಭಜನೆ ಇಲ್ಲದಿದ್ದರೆ 14 ಗಂಟೆಯ ಕಿಟಕಿ 20.00ಕ್ಕೇ ಮುಚ್ಚಿತ್ತು, ಕೊನೆಯ ಅರ್ಧ ಗಂಟೆ ಉಲ್ಲಂಘನೆ. 20.30ಕ್ಕೆ ಸ್ಲೀಪರ್‌ಗೆ ಹೋಗಿ ಮರುದಿನ 3.30ರವರೆಗೆ 7 ಗಂಟೆ ಮಲಗಿದರೆ ಜೋಡಿ ಕೂಡಿತು, ಉಲ್ಲಂಘನೆ ಇಲ್ಲ. ಈಗ ಲೆಕ್ಕ ಮೊದಲ ತುಂಡು ಮುಗಿದ 14.30ರಿಂದ ಶುರು: ಅಲ್ಲಿಂದ ಓಡಿಸಿದ್ದು 6 ಗಂಟೆ, ಹಾಗಾಗಿ ಚಾಲನೆಗೆ 5 ಗಂಟೆ ಬಾಕಿ, ಕಿಟಕಿಯಲ್ಲಿ 8 ಗಂಟೆ ಬಾಕಿ. ಅಂದರೆ 11.30ರೊಳಗೆ 5 ಗಂಟೆ ಓಡಿಸಬಹುದು. ಆ್ಯಪ್ 3.30ಕ್ಕೆ 11 ಗಂಟೆ ಪೂರ್ತಿ ತೋರಿಸಿದರೆ ತಪ್ಪು, ಸೊನ್ನೆ ತೋರಿಸಿದರೂ ತಪ್ಪು.

ಪ್ಲಗ್ ಬಗೆಯ ಆ್ಯಪ್‌ಗಳಲ್ಲಿ ಕೆಲವು 2 ಗಂಟೆ ದಾಟಿದ ತಕ್ಷಣ 14ರ ಗಡಿಯಾರವನ್ನು ನಿಲ್ಲಿಸಿ ತೋರಿಸುತ್ತವೆ. ಕೆಲವು ಎರಡನೇ ತುಂಡು ಮುಗಿಯುವವರೆಗೂ ಕೆಂಪು ಗೆರೆಯನ್ನೇ ತೋರಿಸಿ, ಆಮೇಲೆ ಸದ್ದಿಲ್ಲದೆ ಅಳಿಸುತ್ತವೆ. ಎರಡಕ್ಕೂ ಸಮಜಾಯಿಷಿ ಕೊಡಬಹುದು, ಆದರೆ ಡ್ರೈವರ್‌ಗೆ ಬೇಕಾದ್ದು ಮೂರನೆಯದು: ‘ಇಂದು 7 ಗಂಟೆ ಸ್ಲೀಪರ್ ಮುಗಿಸಿದರೆ ಮಾತ್ರ ಇದು ಸಲ್ಲುತ್ತದೆ’ ಎಂಬ ಒಂದು ಸಾಲಿನ ಎಚ್ಚರಿಕೆ. ಯಾಕೆಂದರೆ ಜೋಡಿ ಮುರಿಯುವುದು ಬಲು ಸುಲಭ. ಮೇಲಿನ ಉದಾಹರಣೆಯಲ್ಲಿ 3.25ಕ್ಕೆ ಎದ್ದು ಆನ್ ಡ್ಯೂಟಿ ಒತ್ತಿ ಟೈರ್ ನೋಡಲು ಇಳಿದರೆ ಸ್ಲೀಪರ್ ಆದದ್ದು 6 ಗಂಟೆ 55 ನಿಮಿಷ. ಜೋಡಿ ಹೋಯಿತು. ಹಿಂದಿನ ರಾತ್ರಿ 20.00ರಿಂದ 20.30ರ ಚಾಲನೆ ಹಿಂದಕ್ಕೆ ಹೋಗಿ ಉಲ್ಲಂಘನೆಯಾಗುತ್ತದೆ. ಅದೇ ರೀತಿ ಡಾಕ್‌ನ ಸಾಲಿನಲ್ಲಿ 13.00ಕ್ಕೆ ‘ಸ್ವಲ್ಪ ಮುಂದೆ ತಗೊಳ್ಳಿ’ ಎಂದು ಕರೆದರೆ, ಗಾಡಿ ಅಲುಗಿದ ಕ್ಷಣಕ್ಕೆ 3 ಗಂಟೆಯ ತುಂಡು ಒಂದೂವರೆ ಗಂಟೆಗೇ ತುಂಡಾಯಿತು. ಯಾರ್ಡ್ ಮೂವ್ (ಅಂಗಳದೊಳಗೇ ಗಾಡಿ ಸರಿಸುವ ಸ್ಥಿತಿ) ಒತ್ತಿದ್ದರೂ ಉಪಯೋಗವಿಲ್ಲ, ಯಾರ್ಡ್ ಮೂವ್ ಆನ್ ಡ್ಯೂಟಿಯೇ. ಕರೆ ಬರುವ ಹೊತ್ತಿಗೆ ಕನಿಷ್ಠ 2 ಗಂಟೆ ದಾಟಿದ್ದರೆ ರಾತ್ರಿ 8 ಗಂಟೆ ಮಲಗಿ ಲೆಕ್ಕ ಸರಿಪಡಿಸಬಹುದು. ಈ ಸಲಹೆಯನ್ನು ತೆರೆಯ ಮೇಲೆ ಕೊಡುವ ಆ್ಯಪ್ ಸಿಕ್ಕರೆ, ಬಣ್ಣ ಹೇಗೇ ಇರಲಿ, ಅದನ್ನೇ ಕೊಳ್ಳಿ.

ಕೆಟ್ಟ ಹವಾಮಾನದ ವಿನಾಯಿತಿ ಎರಡನೇ ಪರೀಕ್ಷೆ. ಹಿಮ, ಮಂಜುಗಡ್ಡೆ, ದಟ್ಟ ಮಂಜು, ಅಥವಾ ಮಾಮೂಲಿಯಲ್ಲದ ರಸ್ತೆ ಇಲ್ಲವೇ ಟ್ರಾಫಿಕ್ ಸ್ಥಿತಿ ಎದುರಾದರೆ 11 ಮತ್ತು 14 ಎರಡಕ್ಕೂ ಗರಿಷ್ಠ 2 ಗಂಟೆ ಸೇರುತ್ತದೆ. 60 ಮತ್ತು 70ರ ಲೆಕ್ಕಕ್ಕೆ ಏನೂ ಸೇರುವುದಿಲ್ಲ, 30 ನಿಮಿಷದ ವಿರಾಮವೂ ಮಾಫಿಯಿಲ್ಲ. ಷರತ್ತು ಒಂದೇ, ಅದೇ ಕಷ್ಟದ್ದು: ಹೊರಡುವಾಗ ಅದು ಡ್ರೈವರ್‌ಗಾಗಲಿ, ಕಳಿಸಿದ ಕಂಪನಿಗಾಗಲಿ ಗೊತ್ತಿರಬಾರದು, ಸಹಜವಾಗಿ ಗೊತ್ತಾಗುವಂತೆಯೂ ಇರಬಾರದು. ದೊಡ್ಡ ಊರಿನ ಸಂಜೆ 5ರ ಜಾಮ್ ಈ ಲೆಕ್ಕಕ್ಕೆ ಬರುವುದಿಲ್ಲ, ಬೆಳಗ್ಗೆಯೇ ಮುನ್ಸೂಚನೆ ಇದ್ದ ಹಿಮವೂ ಬರುವುದಿಲ್ಲ. ಅಪಘಾತದಿಂದ ಮುಚ್ಚಿದ ಹೆದ್ದಾರಿ ಬರುತ್ತದೆ.

ಇಲ್ಲಿ ಟ್ಯಾಬ್ಲೆಟ್ ಕಿಟ್‌ಗಳು ಸಾಮಾನ್ಯವಾಗಿ ಮುಂದಿವೆ. ಮುಖಪುಟದಲ್ಲೇ ಒಂದು ಸ್ವಿಚ್, ಒತ್ತಿದರೆ ಎರಡೂ ಗಡಿಯಾರ ತಲಾ 2 ಗಂಟೆ ಹಿಗ್ಗುತ್ತವೆ, ಕಾರಣ ಬರೆಯದೆ ಮುಂದೆ ಬಿಡುವುದಿಲ್ಲ. ಅಗ್ಗದ ಪ್ಲಗ್ ಆ್ಯಪ್‌ಗಳಲ್ಲಿ ಇದು ಸೆಟ್ಟಿಂಗ್ಸ್‌ನೊಳಗೆ ಮೂರು ಹಂತ ಕೆಳಗೆ ಹೂತಿರುತ್ತದೆ, ಅಥವಾ ಕಚೇರಿಯವರೇ ತೆರೆಯಬೇಕಾಗುತ್ತದೆ. ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡವನಿಗೆ ಕಚೇರಿ ಫೋನ್ ಎತ್ತುವವರೆಗೆ ಪುರಸೊತ್ತಿರುವುದಿಲ್ಲ. ಬಟನ್ನೇ ಇಲ್ಲದ ಸಾಧನವಾದರೆ ಉಲ್ಲಂಘನೆ ಎಂದು ಕೆಂಪಾದರೂ ಪರವಾಗಿಲ್ಲ, ಟಿಪ್ಪಣಿ ಬರೆಯಿರಿ. ‘ಹವಾಮಾನ’ ಎಂದಷ್ಟೇ ಗೀಚಿದರೆ ಸಾಲದು. ಯಾವ ಹೆದ್ದಾರಿ, ಯಾವ ಮೈಲಿಗಲ್ಲು, ಎಷ್ಟು ಹೊತ್ತಿಗೆ ನಿಂತಿತು, ಎಷ್ಟಕ್ಕೆ ತೆರೆಯಿತು ಎಂದು ಬರೆದರೆ ಅಧಿಕಾರಿ ರಸ್ತೆ ಇಲಾಖೆಯ ದಾಖಲೆಗೆ ತಾಳೆ ನೋಡಬಹುದು. ಟಿಪ್ಪಣಿಗೆ 60 ಅಕ್ಷರಗಳ ಮಿತಿ ಇದೆ, ಹಾಗಾಗಿ ಮೊಟಕಾಗಿ ಬರೆಯುವ ಅಭ್ಯಾಸ ಮಾಡಿಕೊಳ್ಳಬೇಕು.

ಶಾರ್ಟ್ ಹಾಲ್‌ನವರು, ಅಂದರೆ ಹತ್ತಿರದಲ್ಲೇ ಓಡಿಸುವವರು, ಬಹುಶಃ ಇಎಲ್‌ಡಿ ಕೊಳ್ಳಲೇಬೇಕಿಲ್ಲ, ಇದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ. ಕೆಲಸಕ್ಕೆ ಹಾಜರಾಗುವ ಜಾಗದಿಂದ 150 ಏರ್ ಮೈಲಿ ತ್ರಿಜ್ಯದೊಳಗೇ ಓಡಾಡಿ, 14 ಗಂಟೆಯೊಳಗೆ ಅದೇ ಜಾಗಕ್ಕೆ ಮರಳಿ ಬಿಡುಗಡೆಯಾಗಿ, ಎರಡು ಪಾಳಿಗಳ ನಡುವೆ ಸತತ 10 ಗಂಟೆ ಬಿಡುವಿದ್ದರೆ ಲಾಗೂ ಬೇಡ, ಇಎಲ್‌ಡಿಯೂ ಬೇಡ, 30 ನಿಮಿಷದ ವಿರಾಮವೂ ಬೇಡ. ಬಂದ ಹೊತ್ತು, ಹೋದ ಹೊತ್ತು, ಒಟ್ಟು ಗಂಟೆ ಇರುವ ಟೈಮ್ ಕಾರ್ಡನ್ನು ಕಂಪನಿ 6 ತಿಂಗಳು ಇಟ್ಟುಕೊಂಡರೆ ಸಾಕು. 150 ಏರ್ ಮೈಲಿ ಎಂದರೆ ಸುಮಾರು 172.6 ಸಾಮಾನ್ಯ ಮೈಲಿ, 278 ಕಿ.ಮೀ. ಅದೂ ನಕ್ಷೆಯ ಮೇಲೆ ನೇರ ಗೆರೆ ಎಳೆದಾಗ. ರಸ್ತೆ ಬಳಸಿಕೊಂಡು ಹೋಗುವುದಾದರೆ ಮೀಟರಿನಲ್ಲಿ 190 ಮೈಲಿ ಬಂದರೂ ಒಳಗೇ ಇರಬಹುದು.

ಒಂದು ದಿನ ಮಿತಿ ಮೀರಿದರೆ? ಆ ದಿನಕ್ಕೆ ಪೂರ್ತಿ ಲಾಗ್ ಬರೆಯಬೇಕು, ಕಾಗದದಲ್ಲಿ ಬರೆದರೂ ನಡೆಯುತ್ತದೆ. 30 ದಿನಗಳ ಯಾವುದೇ ಅವಧಿಯಲ್ಲಿ ಹೀಗೆ 8 ದಿನಕ್ಕಿಂತ ಹೆಚ್ಚಾದರೆ ಮಾತ್ರ ಇಎಲ್‌ಡಿ ಕಡ್ಡಾಯ. ಹಾಗಾಗಿ ವಾರಕ್ಕೊಂದು ದೂರದ ಲೋಡ್ ಹಾಕುವವರು ಮೂರು ವರ್ಷದ ಕರಾರಿಗೆ ಸಹಿ ಹಾಕುವ ಮೊದಲು ತಮ್ಮ ಹಿಂದಿನ ಮೂರು ತಿಂಗಳ ಓಡಾಟ ಲೆಕ್ಕ ಹಾಕುವುದು ಒಳ್ಳೆಯದು. ಇಎಲ್‌ಡಿ ಇದ್ದೇ ಇದ್ದರೆ ಆ್ಯಪ್‌ನಲ್ಲಿ ಆ ಡ್ರೈವರ್‌ನನ್ನು ‘ವಿನಾಯಿತಿ ಡ್ರೈವರ್’ ಎಂದು ಹೊಂದಿಸುವ ಸೌಲಭ್ಯ ಇರಬೇಕು, ದೂರದ ಲೋಡ್ ಬಂದ ದಿನ ಕಚೇರಿಯಿಂದ ಒಂದೇ ಬದಲಾವಣೆಯಲ್ಲಿ ಸಾಮಾನ್ಯ ಲಾಗಿಗೆ ತರುವಂತಿರಬೇಕು. ಹಿಂದಿನ ಐದು ಪಾಳಿಗಳಲ್ಲೂ ಅದೇ ಜಾಗಕ್ಕೆ ಮರಳಿದವರಿಗೆ 7 ದಿನಕ್ಕೊಮ್ಮೆ ಸಿಗುವ 16 ಗಂಟೆಯ ವಿನಾಯಿತಿಯೂ ಒಂದಿದೆ. ಕಿಟಕಿ 16 ಆಗುತ್ತದೆ, ಚಾಲನೆ 11ರಲ್ಲೇ ಇರುತ್ತದೆ. ಹಲವು ಆ್ಯಪ್‌ಗಳಲ್ಲಿ ಇದರ ಬಟನ್ ಇದೆ, ಆದರೆ ಹಿಂದಿನ ಐದು ಪಾಳಿ ಎಲ್ಲಿ ಮುಗಿದವು ಎಂದು ಪರಿಶೀಲಿಸದೆಯೇ ಒತ್ತಲು ಬಿಡುತ್ತವೆ. ಅದು ದೊಡ್ಡ ಕೊರತೆ.

ಎಂಜಿನ್ 2000ಕ್ಕಿಂತ ಹಳೆಯ ಮಾದರಿಯಾದರೂ ಇಎಲ್‌ಡಿ ಬೇಕಿಲ್ಲ. ಇಲ್ಲಿ ನೋಡುವುದು ಎಂಜಿನ್ನಿನ ಮಾದರಿ ವರ್ಷವನ್ನು, ಚಾಸಿಯದ್ದನ್ನಲ್ಲ. ಹೊಸ ಚಾಸಿಗೆ ಹಳೆ ಎಂಜಿನ್ ಕೂರಿಸಿದ ಗಾಡಿಗಳಲ್ಲಿ ಅಧಿಕಾರಿ ವಿಐಎನ್ (ಗಾಡಿಯ ಗುರುತು ಸಂಖ್ಯೆ) ನೋಡಿ ಪ್ರಶ್ನಿಸುತ್ತಾನೆ. ಎಂಜಿನ್ ಪ್ಲೇಟಿನ ಫೋಟೊ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಇಎಲ್‌ಡಿ ಬೇಡ ಎಂದರೆ ಲಾಗ್ ಬೇಡ ಎಂದಲ್ಲ, ಕಾಗದದ ಲಾಗ್ ಬರೆಯಲೇಬೇಕು.

ಕೃಷಿ ಸರಕಿನ ವಿನಾಯಿತಿಯಲ್ಲಿ ಯಂತ್ರಗಳ ಬಂಡವಾಳ ಬಯಲಾಗುತ್ತದೆ. ರಾಜ್ಯ ನಿಗದಿ ಮಾಡಿದ ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ (ಹಲವು ರಾಜ್ಯಗಳು ವರ್ಷಪೂರ್ತಿ ಎಂದೇ ನಿಗದಿ ಮಾಡಿವೆ) ಸರಕು ತುಂಬಿದ ಮೂಲದಿಂದ 150 ಏರ್ ಮೈಲಿಯೊಳಗಿನ ಗಂಟೆಗಳು ಲೆಕ್ಕಕ್ಕೇ ಬರುವುದಿಲ್ಲ. ವೃತ್ತ ದಾಟಿದ ಮೇಲೆ ಗಡಿಯಾರ ಶುರು. 2021ರ ಮೂಲಸೌಕರ್ಯ ಕಾಯ್ದೆ ಜಾನುವಾರು ಸಾಗಣೆಗೆ ಇಳಿಸುವ ಕಡೆಯ 150 ಏರ್ ಮೈಲಿಯನ್ನೂ ಸೇರಿಸಿತು. ಒಳ್ಳೆಯ ಆ್ಯಪ್ ಮಾಡಬೇಕಾದ್ದು: ಮೂಲದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ವೃತ್ತ ಎಳೆಯುವುದು, ದಾಟುವ ಹೊತ್ತಿಗೆ ಎಚ್ಚರಿಸುವುದು, ಒಳಗಿನ ಓಟಕ್ಕೆ ಟಿಪ್ಪಣಿ ಹಾಕಿಸುವುದು. ಬಹುಪಾಲು ಪ್ಲಗ್ ಆ್ಯಪ್‌ಗಳು ಮಾಡುವುದು ಲಾಗ್ ಔಟ್ ಆಗಿ ಓಡಿಸಲು ಬಿಡುವುದನ್ನು ಮಾತ್ರ. ಆಗ ಆ ಅಷ್ಟೂ ಓಟ ‘ಗುರುತಿಲ್ಲದ ಡ್ರೈವರ್’ ಖಾತೆಗೆ ಬೀಳುತ್ತದೆ. 24 ಗಂಟೆಯಲ್ಲಿ ಅದು 30 ನಿಮಿಷ ದಾಟಿದರೆ ಡಯಾಗ್ನೋಸ್ಟಿಕ್ 5 ಎಂಬ ಸಂಕೇತ ಹತ್ತುತ್ತದೆ. ಅದಕ್ಕೆ ಕಚೇರಿ ವಿವರಣೆ ಬರೆದಿಡದಿದ್ದರೆ, ತಪಾಸಣೆಯಲ್ಲಿ ಕದ್ದು ಓಡಿಸಿದಂತೆಯೇ ಕಾಣುತ್ತದೆ. ಗ್ಯಾರೇಜಿನವರು ಗಾಡಿ ಒಳಗೆ ಹೊರಗೆ ತೆಗೆದದ್ದೂ ಇದೇ ಖಾತೆಗೆ ಸೇರುತ್ತದೆ. ವಾರಕ್ಕೊಮ್ಮೆ ಅದನ್ನು ಖಾಲಿ ಮಾಡುವ ಕೆಲಸ ಕಚೇರಿಯ ತೆರೆಯಲ್ಲಿ ಎಷ್ಟು ಕ್ಲಿಕ್ ತೆಗೆದುಕೊಳ್ಳುತ್ತದೆ ಎಂದು ಡೆಮೊದಲ್ಲಿ ಎಣಿಸಿ.

ಇನ್ನೊಂದು ವೈಯಕ್ತಿಕ ಬಳಕೆ, ಅಂದರೆ ಆಫ್ ಡ್ಯೂಟಿಯಲ್ಲಿ ಸ್ವಂತ ಕೆಲಸಕ್ಕೆ ಗಾಡಿ ಓಡಿಸುವುದು, ಎಲ್ಲರ ಬಾಯಲ್ಲಿ ಪಿಸಿ (ಪರ್ಸನಲ್ ಕನ್ವೇಯನ್ಸ್). 2018ರ ಮಾರ್ಗದರ್ಶನದ ಪ್ರಕಾರ ಲೋಡ್ ಇದ್ದರೂ ಪಿಸಿ ಬಳಸಬಹುದು, ಕೇಂದ್ರ ನಿಯಮದಲ್ಲಿ ಮೈಲಿ ಮಿತಿಯಿಲ್ಲ. ಆದರೆ ಲೋಡನ್ನು ಗುರಿಯತ್ತ ಮುಂದೂಡಲು ಬಳಸುವಂತಿಲ್ಲ. ಸರಕು ಇಳಿಸುವ ಕಡೆ ಗಂಟೆ ಮುಗಿದು ಹೋದರೆ, ವಿಶ್ರಾಂತಿಗೆ ಹತ್ತಿರದ ಸುರಕ್ಷಿತ ಜಾಗದವರೆಗೆ ಹೋಗಬಹುದು. ಹತ್ತಿರದ ಟ್ರಕ್ ನಿಲ್ದಾಣ ಬಿಟ್ಟು, ನಾಳೆಯ ಲೋಡಿನ ದಿಕ್ಕಿನಲ್ಲಿರುವ ನಿಲ್ದಾಣಕ್ಕೆ ಹೋದರೆ ಅದು ಪಿಸಿ ಅಲ್ಲ. ಪಿಸಿಯಲ್ಲಿ ಸ್ಥಳದ ದಾಖಲೆ ಸುಮಾರು 10 ಮೈಲಿಯಷ್ಟು ಮಸುಕಾಗಬೇಕು, ಮಾಮೂಲಿ ಚಾಲನೆಯಲ್ಲಿ ಸುಮಾರು 1 ಮೈಲಿ. ಇದನ್ನು ಪಾಲಿಸದೆ ಕಚೇರಿಗೆ ನಿಖರ ಜಾಗ ತೋರಿಸುವ ಸಾಧನಕ್ಕೆ ಡ್ರೈವರ್‌ಗಳು ಗೊಣಗುವುದು ನ್ಯಾಯವೇ.

ಯಾರ್ಡ್ ಮೂವ್‌ನಲ್ಲಿ ಒಂದು ಸಣ್ಣ ಬಲೆಯಿದೆ. ಎಂಜಿನ್ ಆರಿಸಿ ಮತ್ತೆ ಹಚ್ಚಿದರೆ ಆ ಸ್ಥಿತಿ ತಾನಾಗಿ ಹೋಗಿಬಿಡುತ್ತದೆ. ಅದನ್ನು ಗಮನಿಸದೆ ಗಾಡಿ ಸರಿಸಿದರೆ, ವೇಗ ಗಂಟೆಗೆ 5 ಮೈಲಿ ಮುಟ್ಟುವಷ್ಟರಲ್ಲಿ ಲಾಗ್ ‘ಚಾಲನೆ’ ಆಗಿರುತ್ತದೆ. ತಾನಾಗಿ ದಾಖಲಾದ ಚಾಲನೆಯ ಸಮಯವನ್ನು ಕಡಿಮೆ ಮಾಡಲು ಯಾರಿಗೂ ಅಧಿಕಾರವಿಲ್ಲ, ಡ್ರೈವರ್‌ಗೂ ಇಲ್ಲ, ಕಂಪನಿಗೂ ಇಲ್ಲ. ಟಿಪ್ಪಣಿ ಸೇರಿಸಬಹುದು ಅಷ್ಟೇ. ಉಳಿದ ಸ್ಥಿತಿಗಳನ್ನು ಕಾರಣ ಬರೆದು ತಿದ್ದಬಹುದು, ಕಚೇರಿ ಸೂಚಿಸಿದ ತಿದ್ದುಪಡಿಗೆ ಡ್ರೈವರ್ ಒಪ್ಪಿಗೆ ಒತ್ತಬೇಕು. ಹಾಗಾಗಿ ‘ಗಂಟೆ ಮುಗಿದರೆ ನಮಗೆ ಫೋನ್ ಮಾಡಿ, ಹಿಂದಿನಿಂದ ಸರಿ ಮಾಡಿಕೊಡುತ್ತೇವೆ’ ಎನ್ನುವ ಮಾರಾಟಗಾರ ಸಿಕ್ಕರೆ ಫೋನ್ ಇಟ್ಟುಬಿಡಿ. ಅಂಥ ಸಾಧನ ಇಂದಲ್ಲ ನಾಳೆ ರದ್ದಾದ ಪಟ್ಟಿಗೆ ಹೋಗುತ್ತದೆ, ಸುಳ್ಳು ಲಾಗಿನ ಹೊಣೆ ಮಾತ್ರ ಡ್ರೈವರ್ ಮತ್ತು ಕಂಪನಿಯ ತಲೆಗೆ.

ತುರ್ತು ಘೋಷಣೆಯ ಸಡಿಲಿಕೆಯನ್ನು ತಪ್ಪಾಗಿ ತಿಳಿದವರೇ ಹೆಚ್ಚು. ಗವರ್ನರ್ ಘೋಷಣೆ ಹೊರಡಿಸಿದ ಮಾತ್ರಕ್ಕೆ ಆ ರಾಜ್ಯಕ್ಕೆ ಹೋಗುವ ಎಲ್ಲ ಲೋಡಿಗೂ ಗಂಟೆ ಮಾಫಿಯಾಗುವುದಿಲ್ಲ, ನೇರ ಪರಿಹಾರ ಕೆಲಸದ ಲೋಡಿಗೆ ಮಾತ್ರ. ಮಾಮೂಲಿ ಸರಕಿನ ಮೂಲೆಯಲ್ಲಿ ನಾಲ್ಕು ಪೆಟ್ಟಿಗೆ ನೀರಿಟ್ಟು ಪರಿಹಾರ ಎಂದರೆ ನಡೆಯುವುದಿಲ್ಲ. ಯಾವ ಆ್ಯಪ್‌ಗೂ ಇದು ತಾನಾಗಿ ಗೊತ್ತಾಗುವುದಿಲ್ಲ. ಘೋಷಣೆಯ ಪ್ರತಿ ಕ್ಯಾಬಿನ್‌ನಲ್ಲಿರಲಿ, ಅದರ ಸಂಖ್ಯೆ ಟಿಪ್ಪಣಿಯಲ್ಲಿರಲಿ.

ಇನ್ನು ಯಂತ್ರದ ಕಡೆ. ಪ್ಲಗ್ ಕೊಳ್ಳುವ ಮೊದಲು ಸ್ಟಿಯರಿಂಗ್ ಕೆಳಗೆ ಎಡಕ್ಕಿರುವ ಪೋರ್ಟನ್ನು ಟಾರ್ಚ್ ಹಾಕಿ ನೋಡಿ. ದುಂಡನೆಯ 9 ಪಿನ್ನಿನ ಪೋರ್ಟ್ ಕಪ್ಪಗಿದ್ದರೆ ಹಳೆಯ ಬಗೆ, ಹಸಿರಾಗಿದ್ದರೆ ವೇಗದ ಹೊಸ ಬಗೆ. ಹಸಿರು ಪ್ಲಗ್ ಎರಡಕ್ಕೂ ಕೂರುತ್ತದೆ, ಕಪ್ಪು ಪ್ಲಗ್ ಹಸಿರು ಪೋರ್ಟಿಗೆ ಕೂರುವುದಿಲ್ಲ. ಒತ್ತಿ ತಿರುಗಿಸಿ ಕೂರಿಸಲು ಹೋದರೆ ಪಿನ್ ಬಾಗುತ್ತದೆ. ಇನ್ನೂ ಹಳೆಯ ಗಾಡಿಯಲ್ಲಿ 6 ಪಿನ್, ಈಚಿನ ವೋಲ್ವೊ ಮತ್ತು ಮ್ಯಾಕ್‌ಗಳಲ್ಲಿ ಕಾರಿನಂತೆ 16 ಪಿನ್ನಿನ ಚಪ್ಪಟೆ ಪೋರ್ಟ್. ಕೇಬಲ್ ಯಾವುದೆಂದು ಆರ್ಡರ್ ಮಾಡುವಾಗಲೇ ಬರೆದು ಹೇಳಿ.

ನೇರ ಪ್ಲಗ್‌ಗಿಂತ ವೈ ಕೇಬಲ್ ಮೇಲು. ಪೆಟ್ಟಿಗೆಯನ್ನು ಡ್ಯಾಶ್ ಒಳಗೆ ಕಟ್ಟಿ, ಇನ್ನೊಂದು ತುದಿಯನ್ನು ಮೆಕ್ಯಾನಿಕ್‌ಗೆ ಖಾಲಿ ಬಿಡಬಹುದು. ನೇರ ಪ್ಲಗ್ ಹತ್ತಿ ಇಳಿಯುವಾಗ ಮೊಣಕಾಲಿಗೆ ತಾಗಿ ಸಡಿಲವಾಗುತ್ತದೆ, ಎಂಜಿನ್ ಸಂಪರ್ಕ ಕಣ್ಣು ಮಿಟುಕಿಸಿದಂತೆ ಹೋಗಿ ಬರುತ್ತದೆ. 24 ಗಂಟೆಯಲ್ಲಿ ಒಟ್ಟು 30 ನಿಮಿಷಕ್ಕಿಂತ ಹೆಚ್ಚು ಸಂಪರ್ಕ ತಪ್ಪಿದರೆ ‘ಇ’ ದೋಷ ದಾಖಲಾಗುತ್ತದೆ. ಕೂರಿಸುವಾಗ ಕಾಲರ್ ಪೂರ್ತಿ ತಿರುಗಿಸಿ ಟಕ್ ಎನ್ನುವವರೆಗೆ ಬಿಗಿ ಮಾಡಿದರೆ ಈ ತೊಂದರೆ ಮುಕ್ಕಾಲು ಪಾಲು ಇರುವುದಿಲ್ಲ.

ಫೋನ್ ಬಗೆಯ ದೊಡ್ಡ ದೌರ್ಬಲ್ಯ ಫೋನೇ. ಬ್ಯಾಟರಿ ಉಳಿಸುವ ಸೌಲಭ್ಯ ಹಿನ್ನೆಲೆಯಲ್ಲಿ ಆ್ಯಪ್ ಕೊಲ್ಲುತ್ತದೆ, ಬಿಸಿಲಿಗೆ ಫೋನ್ ಕಾದು ತಾನೇ ಆರುತ್ತದೆ, ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಆದ ಮಾರನೇ ದಿನ ಸ್ಥಳದ ಅನುಮತಿ ಕಳೆದುಹೋಗಿರುತ್ತದೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗೆ ನಿರ್ಬಂಧ ತೆಗೆಯಿರಿ, ಸ್ಥಳಾನುಮತಿ ‘ಯಾವಾಗಲೂ’ ಎಂದಿರಲಿ, ಗಾಳಿ ಬರುವ ಕಿಂಡಿಯ ಮುಂದೆ ಹೋಲ್ಡರ್ ಹಾಕಿ. ಚಾಲನೆಯಲ್ಲಿ ಫೋನ್ ಜೇಬಿನಲ್ಲಿರಬಾರದು. ಕೂತಲ್ಲಿಂದ ಕಾಣುವಂತೆ ಸ್ಥಿರವಾಗಿ ಕೂರಿಸಿರಬೇಕೆಂಬುದೇ ನಿಯಮ. ಟ್ಯಾಬ್ಲೆಟ್ ಕಿಟ್‌ನಲ್ಲಿ ಈ ರಗಳೆ ಕಡಿಮೆ, ಆದರೆ ಅದು ಕೆಟ್ಟರೆ ಬದಲಿ ಬರುವವರೆಗೆ ಕಾಯಬೇಕು. ಫೋನ್ ಕೆಟ್ಟರೆ ಮುಂದಿನ ಊರಲ್ಲೇ ಇನ್ನೊಂದು ಕೊಂಡು ಲಾಗಿನ್ ಆಗಬಹುದು, ಇದು ಸಣ್ಣ ಅನುಕೂಲವಲ್ಲ.

ಸಾಧನ ಕೆಟ್ಟಾಗ ಏನು ಮಾಡಬೇಕೆಂಬುದು ನಿಯಮದಲ್ಲೇ ಸ್ಪಷ್ಟವಾಗಿದೆ, ಗಾಬರಿ ಬೇಡ. ದೋಷವನ್ನು ಬರೆದಿಟ್ಟುಕೊಂಡು 24 ಗಂಟೆಯೊಳಗೆ ಕಂಪನಿಗೆ ಲಿಖಿತವಾಗಿ ತಿಳಿಸಬೇಕು, ಸಂದೇಶವಾದರೂ ಆದೀತು. ಆ ದಿನದ ಮತ್ತು ಹಿಂದಿನ 7 ದಿನಗಳ ದಾಖಲೆ ತೆರೆಯಲು ಬಾರದಿದ್ದರೆ ಕಾಗದದಲ್ಲಿ ಮತ್ತೆ ಬರೆಯಬೇಕು. ದುರಸ್ತಿಗೆ ಕಂಪನಿಗೆ 8 ದಿನ. ಇದಕ್ಕೆಂದೇ ಕ್ಯಾಬಿನ್‌ನಲ್ಲಿ ಕನಿಷ್ಠ 8 ದಿನಕ್ಕಾಗುವಷ್ಟು ಖಾಲಿ ಲಾಗ್ ಹಾಳೆ, ಬಳಕೆ ಕೈಪಿಡಿ, ದತ್ತಾಂಶ ಕಳಿಸುವ ಸೂಚನೆ, ದೋಷ ಬಂದಾಗಿನ ಸೂಚನೆ, ಈ ನಾಲ್ಕೂ ಇರಬೇಕು. ಪ್ಲಗ್ ಮಾರುವ ಕೆಲವರು ಪೆಟ್ಟಿಗೆಯಲ್ಲಿ ಬರೀ ಒಂದು ಕ್ಯೂಆರ್ ಚೀಟಿ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಖಾಲಿ ಹಾಳೆಯನ್ನು ನೀವೇ ಟ್ರಕ್ ನಿಲ್ದಾಣದಲ್ಲಿ ಕೊಂಡಿಟ್ಟುಕೊಳ್ಳಬೇಕು.

ತಪಾಸಣೆಯ ಭಾಗದಲ್ಲಿ ಎರಡೂ ಬಗೆ ಹೆಚ್ಚುಕಮ್ಮಿ ಸಮ. ಅಧಿಕಾರಿ ಒಂದು ಸಂಕೇತ ಕೊಡುತ್ತಾನೆ, ಅದನ್ನು ಟಿಪ್ಪಣಿ ಜಾಗದಲ್ಲಿ ಹಾಗೆಯೇ ಹಾಕಿ ಕಳಿಸಬೇಕು. ಒಂದು ಅಕ್ಷರ ತಪ್ಪಿದರೂ ಕಡತ ಅವನ ತೆರೆಗೆ ಬರುವುದಿಲ್ಲ, ನೆಟ್‌ವರ್ಕ್ ಸರಿಯಿಲ್ಲವೆಂದು ಎಲ್ಲರೂ ಬೈಯುವ ಬಹಳಷ್ಟು ಸಲ ನಡೆದಿರುವುದು ಇಷ್ಟೇ. ಕಡತ ಹೋಗಲೇ ಇಲ್ಲವೆಂದರೆ ತೆರೆ ತೋರಿಸಿದರೂ ಸಾಕು. ಆ ತೆರೆಯನ್ನು ಅಧಿಕಾರಿ ಕ್ಯಾಬಿನ್ ಒಳಗೆ ಹತ್ತದೆ ನೋಡುವಂತಿರಬೇಕು, ಹಾಗಾಗಿ ಹೋಲ್ಡರ್‌ನಿಂದ ಬಿಡಿಸಿಕೊಡಲು ಬರುವ ಟ್ಯಾಬ್ಲೆಟ್ ಆರಿಸಿ. ಫೋನ್ ಆದರೆ ತಪಾಸಣೆ ಮೋಡ್‌ಗೆ ಬೀಗ ಇರಲಿ; ಅಧಿಕಾರಿಯ ಕೈಯಲ್ಲಿ ನಿಮ್ಮ ಮನೆಯ ಸಂದೇಶಗಳು ತೆರೆದುಕೊಳ್ಳಬಾರದಲ್ಲ.

ಸೆಟಪ್‌ನಲ್ಲಿ ಕೈತಪ್ಪುವ ಜಾಗ ಎರಡು. ಒಂದು, ವಾರದ ಲೆಕ್ಕ. 70ರ ಲೆಕ್ಕ ವಾರದ ಏಳೂ ದಿನ ಗಾಡಿ ಓಡಿಸುವ ಕಂಪನಿಗೆ ಮಾತ್ರ. ಭಾನುವಾರ ಬಾಗಿಲು ಹಾಕುವವರು 60ನ್ನೇ ಆರಿಸಬೇಕು. ಇನ್ನೊಂದು, ಸಮಯ ವಲಯ. ಲಾಗ್ ಯಾವಾಗಲೂ ಡ್ರೈವರ್‌ನ ಮೂಲ ಟರ್ಮಿನಲ್ ಸಮಯದಲ್ಲೇ ನಡೆಯಬೇಕು. ಫೋನಿನ ಸಮಯ ಹಿಡಿದುಕೊಂಡು ವಲಯ ದಾಟಿದಾಗ ಒಂದು ಗಂಟೆ ನುಂಗುವ ಆ್ಯಪ್ ಆಗಿದ್ದರೆ ಹಿಂತಿರುಗಿಸಿ. ಟೆಕ್ಸಾಸ್ ಅಥವಾ ಕ್ಯಾಲಿಫೋರ್ನಿಯಾದೊಳಗಷ್ಟೇ ಓಡಿಸುವವರಿಗೆ ಚಾಲನೆಯ ಮಿತಿ 12 ಗಂಟೆ, ಆ ನಿಯಮದ ಆಯ್ಕೆ ಆ್ಯಪ್‌ನಲ್ಲಿ ಇದೆಯೇ ನೋಡಿ. ಕೆನಡಾಕ್ಕೆ ಹೋಗುವವರಿಗಂತೂ ಇದು ಬೇರೆಯೇ ವ್ಯಾಪಾರ: ಅಲ್ಲಿ ಚಾಲನೆಯ ಮಿತಿ 13 ಗಂಟೆ, ಸಾಧನವನ್ನು ಮೂರನೆಯವರು ಪರೀಕ್ಷಿಸಿ ಪ್ರಮಾಣೀಕರಿಸಿರಬೇಕು. ಅಮೆರಿಕದ ಪಟ್ಟಿಯಲ್ಲಿರುವುದೆಲ್ಲ ಅಲ್ಲಿ ಸಲ್ಲುವುದಿಲ್ಲ.

ಬೆಲೆ ಸಾಮಾನ್ಯವಾಗಿ ಟ್ರಕ್ಕೊಂದಕ್ಕೆ ತಿಂಗಳಿಗೆ 20ರಿಂದ 40 ಡಾಲರ್ ಆಸುಪಾಸು, ಯಂತ್ರದ ದುಡ್ಡು ಬೇರೆ ಅಥವಾ ಕರಾರಿನೊಳಗೆ. ಸ್ಲೀಪರ್ ವಿಭಜನೆ ದಿನನಿತ್ಯ ಬಳಸುವ ದೂರದ ಡ್ರೈವರ್‌ಗೆ ನಮ್ಮ ಆಯ್ಕೆ ಟ್ಯಾಬ್ಲೆಟ್ ಕಿಟ್, ತಿಂಗಳಿಗೆ ಹತ್ತು ಡಾಲರ್ ಹೆಚ್ಚಾದರೂ ಸರಿ. ಒಬ್ಬನೇ ಮಾಲೀಕ, ಒಬ್ಬನೇ ಡ್ರೈವರ್, ಗೊತ್ತಿರುವ ದಾರಿ ಎಂದಾದರೆ ವೈ ಕೇಬಲ್ ಹಾಕಿದ ಪ್ಲಗ್ ಸಾಕು. ಯಾವುದೇ ಇರಲಿ, ತಿಂಗಳ ಲೆಕ್ಕದ ಕರಾರು ಸಿಗುತ್ತದೆಯೇ ಕೇಳಿ. ಮೂರು ವರ್ಷದ್ದಾದರೆ ತಾನಾಗಿ ನವೀಕರಣವಾಗುವ ಷರತ್ತನ್ನು ಮತ್ತು ಸಾಧನ ರದ್ದಾದ ಪಟ್ಟಿಗೆ ಹೋದರೆ ಹಣ ವಾಪಸ್ ಎಂಬ ಸಾಲನ್ನು ಹುಡುಕಿ. ಎರಡನೆಯದು ಇಲ್ಲದಿದ್ದರೆ ಬರೆಸಿಕೊಳ್ಳಿ. ಕಂಪನಿ ಬದಲಿಸುವ ಮೊದಲು 6 ತಿಂಗಳ ದಾಖಲೆಯ ಮೂಲ ಕಡತಗಳನ್ನು ಇಳಿಸಿಟ್ಟುಕೊಳ್ಳಿ, ಖಾತೆ ಮುಚ್ಚಿದ ಮಾರನೇ ದಿನದಿಂದ ಅವರ ಸಹಾಯವಾಣಿ ನಿಮ್ಮ ಕರೆ ಎತ್ತುತ್ತದೆ ಎಂಬ ಭರವಸೆಯಿಲ್ಲ.